ಅಪ್ಪನ ಅಂಗಾಲಿನ ಕಪ್ಪು ಕಲೆ ಮತ್ತು ವರದಿಯಲ್ಲಿದ್ದ ‘ಕಿಟ್’

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಎರಡು ವರ್ಷಗಳ ಹಿಂದೆ ಅವರ ಬಲ ಹಿಮ್ಮಡಿಯಲ್ಲಿ ಕಪ್ಪು ಕಲೆ ಕಾಣಿಸಿತು. ಅಡಿಕೆ ಚೊಗರಿನ ಕಲೆಯಿರಬೇಕೆಂದು ಸುಮ್ಮನಿದ್ದೆವು. ಅದು ಗಟ್ಟಿಯಾದಾಗ ಆಣಿಯೆಂದು ಹೇಳಿ ಮುಲಾಮು ಕೊಟ್ಟರು, ಎರಡು ಸಲ ಕೆತ್ತಿದರು. ಈ ಬೇಸಿಗೆಯಲ್ಲಿ ಒಡೆದು ರಕ್ತ ಬರತೊಡಗಿದ ಮೇಲೆ ಬಯಾಪ್ಸಿ ಮಾಡಿಸಿದೆವು. ‘ಆಕ್ರಲ್ ಲೆಂಟಿಜಿನಸ್ ಮೆಲನೋಮ, ದಪ್ಪ 4.2 ಮಿ.ಮೀ., ಹುಣ್ಣು ಇದೆ’ ಎಂದು ಬಂತು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಅಂತೆ. ಅದಾಗಿ ಮೂರು ವಾರಕ್ಕೆ ತೊಡೆಸಂದಿಯಲ್ಲಿ ಅಡಿಕೆ ಗಾತ್ರದ ಗಂಟು ಕೈಗೆ ಸಿಕ್ಕಿತು. ಸೂಜಿ ಪರೀಕ್ಷೆಯಲ್ಲಿ ಅದೂ ಮೆಲನೋಮವೇ. ಪೆಟ್ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಇಲ್ಲ. ವಂಶವಾಹಿ ವರದಿಯಲ್ಲಿ ‘ಬಿಆರ್‌ಎಎಫ್ ಇಲ್ಲ, ಎನ್‌ಆರ್‌ಎಎಸ್ ಇಲ್ಲ, ಕಿಟ್ ಎಕ್ಸಾನ್ 11ರಲ್ಲಿ ಬದಲಾವಣೆ ಇದೆ’ ಎಂದಿದೆ. ಇವು ಮೂರೂ ವಂಶವಾಹಿಗಳ ಹೆಸರುಗಳಂತೆ, ಎಕ್ಸಾನ್ ಎಂದರೆ ವಂಶವಾಹಿಯ ಒಂದು ಭಾಗವಂತೆ. ಬಯಾಪ್ಸಿ ಮಾಡಿಸಿದ್ದರಿಂದಲೇ ಹರಡಿತು ಎಂದು ನೆಂಟರು ಹೇಳುತ್ತಿದ್ದಾರೆ. ಕಾಲನ್ನೇ ತೆಗೆಸಿಬಿಡಿ ಎನ್ನುವವರೂ ಇದ್ದಾರೆ. ಬರಿಗಾಲಿನಲ್ಲಿ ಓಡಾಡಿದ್ದರಿಂದ, ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮದ್ದು) ಹೊಡೆದದ್ದರಿಂದ ಬಂತೇ? ವಂಶವಾಹಿಯಲ್ಲಿ ದೋಷವಿದೆ ಎಂದ ಮೇಲೆ ನನಗೂ ನನ್ನ ಮಕ್ಕಳಿಗೂ ಬರುತ್ತದೆಯೇ? ಹರಡುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳುವ ಇನ್ನೊಂದು ದುಬಾರಿ ಪರೀಕ್ಷೆ ಇದೆಯಂತೆ, ಮಾಡಿಸಬೇಕೇ? ಅಪ್ಪನಿಗೆ ಇನ್ನೂ ವಿಷಯ ಹೇಳಿಲ್ಲ. ಅಡಿಕೆ ಕೊನೆ ಕೊಯ್ಲಿಗೆ ತೋಟಕ್ಕೆ ಇಳಿಯಬಹುದೇ ಎಂದು ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾಯಿಲೆಯ ಭಯಕ್ಕಿಂತ ‘ನಾವೇ ಚುಚ್ಚಿಸಿ ಹರಡಿಸಿದೆವೇ’ ಎಂಬ ಸಂಕಟ ಅದರಲ್ಲಿ ಹೆಚ್ಚು ಕಂಡಿತು. ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ. ಈ ಸಂಕಟದಲ್ಲಿ ಸಿಕ್ಕಿಕೊಂಡ ಮನೆಯವರು ಮುಂದಿನ ಶಸ್ತ್ರಚಿಕಿತ್ಸೆಗೂ ಒಪ್ಪದೆ ತಿಂಗಳು ತಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಒಂದು ಸಣ್ಣ ಲೆಕ್ಕ ಮಾಡಿ. ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿರುತ್ತವೆ. ಒಂದೇ ಒಂದು ಕೋಶ ತೊಡೆಸಂದಿಯ ದುಗ್ಧಗ್ರಂಥಿಗೆ (ರೋಗನಿರೋಧಕ ಕೋಶಗಳಿರುವ ಸಣ್ಣ ಗ್ರಂಥಿಗೆ) ಹೋಗಿ ಕೂತು, ಎರಡಾಗಿ, ನಾಲ್ಕಾಗಿ, ಎಂಟಾಗಿ ನೂರು ಕೋಟಿ ಮುಟ್ಟಲು ಮೂವತ್ತು ಬಾರಿ ಇಮ್ಮಡಿಯಾಗಬೇಕು. ಮೂರು ವಾರದಲ್ಲಿ ಅದು ನಡೆಯಬೇಕಾದರೆ ಹದಿನೇಳು ಗಂಟೆಗೊಮ್ಮೆ ಗಡ್ಡೆ ಇಮ್ಮಡಿಯಾಗಬೇಕಾಗುತ್ತದೆ. ಮೆಲನೋಮ ಎಷ್ಟೇ ಉಗ್ರವಾಗಿದ್ದರೂ ಹಾಗೆ ಬೆಳೆಯುವುದಿಲ್ಲ. ಒಮ್ಮೆ ಇಮ್ಮಡಿಯಾಗಲು ಅದಕ್ಕೆ ವಾರಗಳು, ಎಷ್ಟೋ ಸಲ ತಿಂಗಳುಗಳು ಬೇಕು. ನಿಮ್ಮ ತಂದೆಯ ತೊಡೆಸಂದಿಗೆ ಕಾಯಿಲೆ ಹೋಗಿದ್ದು ಬಯಾಪ್ಸಿಗೆ ಬಹಳ ಮೊದಲು. ಬಯಾಪ್ಸಿಯ ಗಾಯದಿಂದ ಗ್ರಂಥಿ ಸ್ವಲ್ಪ ಊದಿಕೊಂಡು, ಅಲ್ಲಿಯವರೆಗೆ ಕೈಗೆ ಸಿಗದಿದ್ದ ಗಂಟು ಸಿಕ್ಕಿರಬಹುದು, ಅಷ್ಟೇ. ಮೆಲನೋಮದ ಒಂದು ಚೂರನ್ನು ಮಾತ್ರ ತೆಗೆದು ಪರೀಕ್ಷಿಸಿದವರನ್ನೂ ಇಡೀ ಕಲೆಯನ್ನೇ ತೆಗೆಸಿಕೊಂಡವರನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದ್ದಾರೆ. ಚೂರು ತೆಗೆದದ್ದರಿಂದ ಬದುಕುಳಿಯುವಿಕೆ ಕಡಿಮೆಯಾಗಿಲ್ಲ.

ನಿಜವಾಗಿ ಕಳೆದುಹೋದದ್ದು ಆ ಎರಡು ವರ್ಷ. ಇದನ್ನು ನಿಮ್ಮನ್ನು ಅಥವಾ ಆಣಿಯೆಂದು ಕೆತ್ತಿದವರನ್ನು ದೂರಲು ಹೇಳುತ್ತಿಲ್ಲ. ನಮ್ಮ ಮೈಬಣ್ಣದವರ ಅಂಗಾಲಿನಲ್ಲಿ ನಿರಪಾಯಕಾರಿ ಕಂದು ಚುಕ್ಕೆಗಳು ತುಂಬಾ ಸಾಮಾನ್ಯ. ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ಬಿಸಿಲಿನ ಕಾಯಿಲೆ ಎಂದು ನಂಬಿದವರಲ್ಲಿ ವೈದ್ಯರೂ ಇದ್ದಾರೆ. ಕಪ್ಪು, ಕಂದು ಚರ್ಮದವರಲ್ಲಿ ಬಿಸಿಲಿನ ಮೆಲನೋಮ ಅಪರೂಪವೆಂಬುದು ನಿಜ. ಆದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವ ಈ ‘ಆಕ್ರಲ್’ ಬಗೆಗೆ ಮೈಬಣ್ಣದ ಹಂಗಿಲ್ಲ. ನಮ್ಮಲ್ಲಿ ಮೆಲನೋಮ ಬಂದರೆ ಹೆಚ್ಚಾಗಿ ಬರುವುದೇ ಕಾಲಿನಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಪತ್ತೆಯಾದದ್ದು ಇದೇ ಕಾಯಿಲೆ. ಫುಟ್ಬಾಲ್ ಆಡುವಾಗ ಬಿದ್ದ ಪೆಟ್ಟು ಎಂದುಕೊಂಡಿದ್ದರು. 1981ರಲ್ಲಿ, 36ನೇ ವಯಸ್ಸಿಗೆ ಅವರು ತೀರಿಕೊಂಡರು.

ಬರಿಗಾಲಿನ ವಿಚಾರ. ಜಪಾನಿನ ವೈದ್ಯರು 2016ರಲ್ಲಿ ಒಂದು ಸಂಗತಿಯನ್ನು ತೋರಿಸಿದರು: ಅಂಗಾಲಿನ ಮೆಲನೋಮಗಳು ಮೈಭಾರ ಬೀಳುವ ಕಡೆಗಳಲ್ಲೇ, ಎಂದರೆ ಹಿಮ್ಮಡಿ ಮತ್ತು ಬೆರಳುಗಳ ಬುಡದಲ್ಲಿ ಹೆಚ್ಚು. ಒತ್ತಡಕ್ಕೂ ಇದಕ್ಕೂ ನಂಟಿರುವುದು ಸಾಧ್ಯ. ಆದರೆ ಚಪ್ಪಲಿ ಹಾಕಿದರೂ ಮೈಭಾರ ಹಿಮ್ಮಡಿಯ ಮೇಲೆಯೇ ಬೀಳುತ್ತದೆ. ಮಲೆನಾಡಿನ ಲಕ್ಷಾಂತರ ಜನ ಜೀವನವಿಡೀ ಬರಿಗಾಲಿನಲ್ಲಿ ತೋಟದಲ್ಲಿ ಓಡಾಡಿದವರೇ. ಬೋರ್ಡೋ ದ್ರಾವಣದ ಮೇಲೆ ಈ ತಪ್ಪು ಹೊರಿಸಲು ಯಾವ ಆಧಾರವೂ ಇಲ್ಲ.

ಇನ್ನು ವಂಶವಾಹಿ. ನಮ್ಮ ಭಾಷೆಯ ಈ ಪದವೇ ಅರ್ಧ ಗೊಂದಲಕ್ಕೆ ಕಾರಣ. ‘ವಂಶ’ ಎಂಬುದು ಅದರೊಳಗೇ ಇದೆಯಲ್ಲ! ವರದಿಯಲ್ಲಿ ವಂಶವಾಹಿಯ ದೋಷವೆಂದು ಓದಿದ ಕೂಡಲೇ ಮಗಳು ತನ್ನ ಮಕ್ಕಳ ಮುಖ ನೋಡುತ್ತಾಳೆ. ಆದರೆ ನಿಮ್ಮ ಕೈಯಲ್ಲಿರುವ ವರದಿ ತಂದೆಯ ರಕ್ತದ್ದಲ್ಲ, ಆ ಗಡ್ಡೆಯ ತುಣುಕಿನದು. ‘ಕಿಟ್’ ಎಂಬ ವಂಶವಾಹಿ ಅವರು ಹುಟ್ಟಿದಾಗ ಸರಿಯಾಗಿಯೇ ಇತ್ತು. ಐವತ್ತು ಅರವತ್ತು ವರ್ಷ ದುಡಿದ ಹಿಮ್ಮಡಿಯ ಯಾವುದೋ ಒಂದು ಬಣ್ಣದ ಕೋಶದಲ್ಲಿ, ಅದು ಇಬ್ಭಾಗವಾಗುವಾಗ, ನಕಲು ತಪ್ಪಿತು. ಆ ತಪ್ಪು ಆ ಕೋಶದ ಸಂತಾನದಲ್ಲಿ ಮಾತ್ರ ಉಳಿದಿದೆ. ನಿಮ್ಮ ದೇಹಕ್ಕೆ ಅದು ಬಂದಿಲ್ಲ, ನಿಮ್ಮ ಮಕ್ಕಳಿಗೂ ಹೋಗುವುದಿಲ್ಲ.

ವಂಶದಲ್ಲಿ ಹರಿಯುವ ಮೆಲನೋಮವೂ ಇದೆ. ಸಿಡಿಕೆಎನ್2ಎ ಎಂಬ ವಂಶವಾಹಿಯ ದೋಷ ಹುಟ್ಟಿನಿಂದಲೇ ಇರುವ ಕುಟುಂಬಗಳಲ್ಲಿ ಹಲವರಿಗೆ ಮೆಲನೋಮ, ಜೊತೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಾಣಿಸುತ್ತದೆ. ನಿಮ್ಮ ಅಜ್ಜ, ದೊಡ್ಡಪ್ಪ, ಅತ್ತೆಯರಲ್ಲಿ ಇಂಥದ್ದು ಎರಡು ಮೂರು ಜನರಿಗೆ ಆಗಿದ್ದರೆ, ಅಥವಾ ತಂದೆಗೇ ಬೇರೆ ಬೇರೆ ಕಡೆ ಎರಡು ಮೆಲನೋಮಗಳು ಹುಟ್ಟಿದ್ದರೆ ರಕ್ತದ ಪರೀಕ್ಷೆ ಮಾಡಿಸಬೇಕಾಗುತ್ತದೆ. ಅಂಗಾಲಿನ ಬಗೆಯಲ್ಲಿ ಹೀಗಾಗುವುದು ತೀರಾ ವಿರಳ.

ಈಗ ನಿಮ್ಮ ಪತ್ರದ ಬೇರಿಗೆ ಬರೋಣ: ಇದು ಯಾಕೆ ಹರಡಿತು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನ ಚಿಕಿತ್ಸೆ ಅರ್ಥವಾಗುವುದು ಇದರಿಂದಲೇ.

ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಚರ್ಮದಲ್ಲಿ ಹುಟ್ಟಿದವಲ್ಲ. ತಾಯಿಯ ಗರ್ಭದಲ್ಲಿ ಭ್ರೂಣಕ್ಕೆ ಕೆಲವೇ ವಾರಗಳಾಗಿರುವಾಗ, ಮುಂದೆ ಬೆನ್ನುಹುರಿಯಾಗುವ ಕೊಳವೆಯ ಅಂಚಿನಿಂದ ಅವು ಹೊರಡುತ್ತವೆ. ಬೇರೆ ಕೋಶಗಳ ನಡುವೆ ನುಸುಳುತ್ತಾ, ದಾರಿ ಮಾಡಿಕೊಳ್ಳುತ್ತಾ ನೆತ್ತಿಯಿಂದ ಅಂಗಾಲಿನವರೆಗೆ ಹೋಗಿ ನೆಲೆಸುತ್ತವೆ. ಹೀಗೆ ಹೊರಡಲು, ದಾರಿಯಲ್ಲಿ ಸಾಯದೆ ಉಳಿಯಲು ಅವುಗಳಿಗೆ ಬೇಕಾದ ವಂಶವಾಹಿಗಳಲ್ಲಿ ಮುಖ್ಯವಾದದ್ದು ಯಾವುದು ಗೊತ್ತೇ? ನಿಮ್ಮ ತಂದೆಯ ವರದಿಯಲ್ಲಿರುವ ಅದೇ ಕಿಟ್. ಕೆಲವರಿಗೆ ಹುಟ್ಟುವಾಗಲೇ ಹಣೆಯ ಮೇಲೆ ಬಿಳಿ ಕೂದಲಿನ ಒಂದು ಜೊಂಪೆ, ಹೊಟ್ಟೆಯ ನಡುವೆ, ಮೊಣಕಾಲಿನ ಮೇಲೆ ಬಿಳಿಯ ಪಟ್ಟೆಗಳಿರುವುದನ್ನು ನೀವು ಕಂಡಿರಬಹುದು. ಜನ ತೊನ್ನು ಎಂದುಕೊಳ್ಳುತ್ತಾರೆ, ಅದು ತೊನ್ನಲ್ಲ. ಅವರಲ್ಲಿ ಹೆಚ್ಚಿನವರಿಗೆ ಕಿಟ್ ಹುಟ್ಟಿನಿಂದಲೇ ದುರ್ಬಲ. ಬಣ್ಣದ ಕೋಶಗಳು ಬೆನ್ನಿನಿಂದ ಹೊರಟು ಮೈಯ ಮುಂಭಾಗದವರೆಗೆ ತಲುಪಲೇ ಇಲ್ಲ. ನಿಮ್ಮ ತಂದೆಯ ಗಡ್ಡೆಯಲ್ಲಿ ಆಗಿರುವುದು ಇದಕ್ಕೆ ಉಲ್ಟಾ. ಅಲ್ಲಿ ಕಿಟ್ ಯಾರ ಆಜ್ಞೆಗೂ ಕಾಯದೆ ಸದಾ ಚಾಲೂ ಆಗಿದೆ.

ಹಾಗೆಂದು ಕಿಟ್ ಒಂದರಿಂದಲೇ ಇಷ್ಟಾಗುವುದಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಬಿಆರ್‌ಎಎಫ್. ಬಿಸಿಲಿಗೆ ಒಡ್ಡಿದ ಬಿಳಿ ಚರ್ಮದ ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ದೋಷವಿದೆ ಎಂಬುದು 2002ರಲ್ಲಿ ತಿಳಿಯಿತು. ಮರುವರ್ಷವೇ ಇನ್ನೊಂದು ಅಚ್ಚರಿ: ಯಾರಿಗೂ ತೊಂದರೆ ಕೊಡದ ಸಾಮಾನ್ಯ ಮಚ್ಚೆಗಳಲ್ಲೂ ಬಹುಪಾಲು ಅದೇ ದೋಷ! ಆ ಮಚ್ಚೆಗಳು ಸ್ವಲ್ಪ ಬೆಳೆದು ನಿಂತುಬಿಟ್ಟಿರುತ್ತವೆ, ಏಕೆಂದರೆ ಕೋಶದಲ್ಲಿ ತಡೆಯುವ ವಂಶವಾಹಿಗಳೂ ಇವೆ. ಮೆಲನೋಮ ಆಗಬೇಕಾದರೆ ಆ ತಡೆಗಳೂ ಒಂದೊಂದಾಗಿ ಮುರಿಯಬೇಕು. ಮೇಲೆ ಹೇಳಿದ ಸಿಡಿಕೆಎನ್2ಎ ಅಂಥದ್ದೊಂದು ತಡೆ. ಪಿಟೆನ್ ಇನ್ನೊಂದು. ಅಂಗಾಲಿನ ಬಗೆಯಲ್ಲಿ, ವಂಶವಾಹಿಗಳ ಬರಹದಲ್ಲಿ ಬಿಸಿಲು ಮಾಡುವಂಥ ಸಾವಿರಾರು ಸಣ್ಣ ಅಕ್ಷರದೋಷಗಳು ಕಡಿಮೆ. ಬದಲಿಗೆ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳೇ ತುಂಡಾಗಿ ಅಡ್ಡಾದಿಡ್ಡಿ ಸೇರಿಕೊಂಡಿರುತ್ತವೆ, ಬೆಳವಣಿಗೆಯ ವಂಶವಾಹಿಗಳಿಗೆ ಎರಡರ ಬದಲು ಹತ್ತು ಹನ್ನೆರಡು ಪ್ರತಿಗಳಿರುತ್ತವೆ.

ಇಷ್ಟಾದರೂ, ‘ಹರಡುವ ವಂಶವಾಹಿ’ ಎಂದು ಬೆರಳು ಮಾಡಿ ತೋರಿಸಬಹುದಾದ ಒಂದು ದೋಷ ಚರ್ಮದ ಮೆಲನೋಮದಲ್ಲಿ ಸಿಕ್ಕಿಲ್ಲ. ಅಂಗಾಲಿನ ಗಡ್ಡೆಯನ್ನೂ ಗ್ರಂಥಿಯ ಗಂಟನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮುಖ್ಯ ದೋಷಗಳು ಎರಡರಲ್ಲೂ ಸಾಮಾನ್ಯವಾಗಿ ಅವೇ. ವ್ಯತ್ಯಾಸವಿರುವುದು ಯಾವ ವಂಶವಾಹಿ ಎದ್ದಿದೆ, ಯಾವುದು ಮಲಗಿದೆ ಎಂಬುದರಲ್ಲಿ. ಎಂಐಟಿಎಫ್ ಎಂಬ ಯಜಮಾನ ವಂಶವಾಹಿ ಜೋರಾಗಿರುವಾಗ ಕೋಶ ಬಣ್ಣ ತಯಾರಿಸುತ್ತಾ, ಇದ್ದಲ್ಲೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಅದು ಕುಗ್ಗಿದಾಗ ಕೋಶ ಬೆಳೆಯುವುದನ್ನು ನಿಧಾನಿಸಿ ಅಲೆಯಲು ಹೊರಡುತ್ತದೆ, ಗರ್ಭದಲ್ಲಿ ತನ್ನ ಪೂರ್ವಜರು ನಡೆದ ಹಾಗೆಯೇ. ಹೊಸ ಜಾಗದಲ್ಲಿ ನೆಲೆ ಸಿಕ್ಕ ಮೇಲೆ ಮತ್ತೆ ಬೆಳೆಯುವ ಸ್ಥಿತಿಗೆ ಮರಳುತ್ತದೆ. ಗಡ್ಡೆಯೊಳಗೆ ಆಮ್ಲಜನಕ ಕಡಿಮೆಯಾಗುವುದು, ಉರಿಯೂತ, ಕೆಲವು ಔಷಧಗಳು ಕೂಡ ಈ ಹೊರಳಿಕೆಗೆ ಕಾರಣವಾಗುತ್ತವೆ. ಈ ಕಾಯಿಲೆ ಉಳಿದ ಚರ್ಮದ ಕ್ಯಾನ್ಸರ್‌ಗಳಿಗಿಂತ ಬೇಗ ದಾರಿ ಹಿಡಿಯುವುದಕ್ಕೆ, ಒಂದು ಔಷಧಕ್ಕೆ ಬಗ್ಗಿದಂತೆ ಕಂಡು ತಪ್ಪಿಸಿಕೊಳ್ಳುವುದಕ್ಕೆ ಇದೇ ಮೂಲವೆಂಬುದು ನನ್ನ ಖಚಿತ ಅಭಿಪ್ರಾಯ.

ಬೀಜ ಹೋದ ಕಡೆಯೆಲ್ಲ ಮೊಳೆಯುವುದಿಲ್ಲ, ನೆಲವೂ ಒಪ್ಪಬೇಕು ಎಂದು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದಿದ್ದರು. ಆ ‘ನೆಲ’ದಲ್ಲಿ ಹುಟ್ಟಿನಿಂದ ಬಂದ ವಂಶವಾಹಿಗಳ ಪಾಲೂ ಸ್ವಲ್ಪ ಇದೆ. ಎಪಿಒಇ ಎಂಬ ವಂಶವಾಹಿಯ ಯಾವ ಬಗೆ ನಮಗೆ ತಂದೆತಾಯಿಯಿಂದ ಬಂದಿದೆ ಎಂಬುದಕ್ಕೂ ಮೆಲನೋಮ ಮುಂದುವರಿಯುವುದಕ್ಕೂ ನಂಟಿರುವುದು 2020ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರ ಕೆಲಸದಿಂದ ಗೊತ್ತಾಯಿತು. ಆದರೆ ಅದನ್ನು ನೋಡಿ ಚಿಕಿತ್ಸೆ ಬದಲಿಸುವ ಹಂತಕ್ಕೆ ನಾವು ಬಂದಿಲ್ಲ.

ಆ ದುಬಾರಿ ಪರೀಕ್ಷೆಗೆ ಈಗ ಉತ್ತರ ಸುಲಭ. ಹತ್ತಾರು ವಂಶವಾಹಿಗಳ ಚಟುವಟಿಕೆ ಅಳೆದು ಹರಡುವ ಸಂಭವ ಹೇಳುವ ಪರೀಕ್ಷೆಗಳು, ಕಾಯಿಲೆ ಗ್ರಂಥಿಗೆ ಹೋಗಿದೆಯೇ ಎಂಬುದು ತಿಳಿಯದಿರುವ ಹಂತಕ್ಕಾಗಿ ಹುಟ್ಟಿಕೊಂಡವು. ನಿಮ್ಮ ತಂದೆಯದು ಗ್ರಂಥಿಗೆ ಬಂದಾಗಿದೆ. ಇನ್ನು ಅದನ್ನು ಹೇಳಿಸಿಕೊಳ್ಳಲು ದುಡ್ಡು ಕೊಡಬೇಡಿ. ಅದೇ ಹಣದಲ್ಲಿ ಮೆದುಳಿನ ಎಂಆರ್‌ಐ ಆಗಿಲ್ಲದಿದ್ದರೆ ಮಾಡಿಸಿ. ಪೆಟ್ ಸ್ಕ್ಯಾನ್ ಮೆದುಳಿನ ಸಣ್ಣ ಗಂಟುಗಳನ್ನು ಸರಿಯಾಗಿ ತೋರಿಸುವುದಿಲ್ಲ.

ಚಿಕಿತ್ಸೆಗೆ ಬರುತ್ತೇನೆ. ಕಾಲು ತೆಗೆಸುವ ಮಾತನ್ನು ಬಿಟ್ಟುಬಿಡಿ. ಮೊಣಕಾಲಿನ ಕೆಳಗೆ ಕತ್ತರಿಸಿದರೂ ತೊಡೆಸಂದಿಯ ಗಂಟು ಅಲ್ಲೇ ಇರುತ್ತದೆ, ಆಯುಷ್ಯವೂ ಅದರಿಂದ ಹೆಚ್ಚುವುದಿಲ್ಲ. ಹಿಮ್ಮಡಿಯ ಗಡ್ಡೆಯನ್ನು ಸುತ್ತ ಎರಡು ಸೆಂಟಿಮೀಟರ್ ಒಳ್ಳೆಯ ಚರ್ಮದೊಂದಿಗೆ ತೆಗೆದು, ಅಂಗಾಲಿನ ಒಳಬಾಗಿನ ಚರ್ಮವನ್ನು ರಕ್ತನಾಳ ಸಮೇತ ಹೊರಳಿಸಿ ಮುಚ್ಚುತ್ತೇವೆ. ಆ ಜಾಗದ ಮೇಲೆ ಮೈಭಾರ ಬೀಳುವುದರಿಂದ ತೊಡೆಯ ತೆಳು ಚರ್ಮಕ್ಕಿಂತ ಇದು ಮೇಲು. ಜೊತೆಗೆ ತೊಡೆಸಂದಿಯ ಗ್ರಂಥಿಗಳನ್ನು ತೆಗೆಯಬೇಕು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಷ್ಟು ಕಾಯಿಲೆಯಿರುವಾಗ ಎಲ್ಲ ಗ್ರಂಥಿ ತೆಗೆದು ಪ್ರಯೋಜನವಿಲ್ಲವೆಂದು 2017ರ ದೊಡ್ಡ ಅಧ್ಯಯನ ತೋರಿಸಿದೆ ನಿಜ. ಆದರೆ ಕೈಗೆ ಸಿಗುವ ಗಂಟಿಗೆ ಆ ವಿನಾಯಿತಿ ಇಲ್ಲ. ಈ ಶಸ್ತ್ರಚಿಕಿತ್ಸೆಯ ಕಷ್ಟವನ್ನು ಮುಚ್ಚಿಡುವುದಿಲ್ಲ: ಗಾಯ ನಿಧಾನವಾಗಿ ಮಾಯುತ್ತದೆ, ನೀರು ತುಂಬಿಕೊಳ್ಳುತ್ತದೆ, ಹಲವರಿಗೆ ಕಾಲು ಖಾಯಂ ಆಗಿ ಬಾವುತ್ತದೆ, ಬಿಗಿ ಕಾಲುಚೀಲ ಧರಿಸಬೇಕಾಗುತ್ತದೆ.

ಬರಿ ಶಸ್ತ್ರಚಿಕಿತ್ಸೆಯಷ್ಟಕ್ಕೇ ನಿಲ್ಲಿಸಿದರೆ ಈ ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಯಿಲೆ ಮರಳುತ್ತದೆ. ಆದ್ದರಿಂದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮ್ಯುನೋಥೆರಪಿಯ ಮಾತು ಬರುತ್ತದೆ. ಈ ದಾರಿ ತೆರೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಗ್ರಂಥಿಗೆ ಬಂದ ಮೆಲನೋಮದಲ್ಲಿ ಪೆಂಬ್ರೋಲಿಝುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧದ ಮೂರು ಡೋಸ್‌ಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೊಟ್ಟರೆ, ಎಲ್ಲವನ್ನೂ ಆಮೇಲೆ ಕೊಡುವುದಕ್ಕಿಂತ ಲಾಭ ಹೆಚ್ಚೆಂದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿತು. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ, ಮುಂದುವರಿಯದೆ ಇದ್ದವರು ಮೊದಲ ಗುಂಪಿನಲ್ಲಿ 72 ಶೇಕಡಾ, ಎರಡನೆಯದರಲ್ಲಿ 49 ಶೇಕಡಾ. ಗಡ್ಡೆ ಮೈಯಲ್ಲಿ ಇರುವಾಗಲೇ ರಕ್ಷಣಾ ಕೋಶಗಳು ಅದರ ಗುರುತು ಹಿಡಿಯಲು ಕಲಿಯುತ್ತವೆ ಎಂಬುದು ಇದರ ಹಿಂದಿನ ತರ್ಕ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆ ಅಂಕಿಗಳು ಬಹುಪಾಲು ಬಿಳಿಯರ, ಬಿಸಿಲಿನ ಮೆಲನೋಮದವು. ಅಕ್ಷರದೋಷಗಳು ಹೆಚ್ಚಿದ್ದಷ್ಟೂ ಗಡ್ಡೆ ದೇಹಕ್ಕೆ ಪರಕೀಯವಾಗಿ ಕಾಣುತ್ತದೆ. ಅಂಗಾಲಿನದರಲ್ಲಿ ಅವು ಕಡಿಮೆಯಾದ್ದರಿಂದ ಫಲವೂ ಕಡಿಮೆ. ಇಲ್ಲವೆಂದಲ್ಲ, ಕಡಿಮೆ. ಖರ್ಚು ಲಕ್ಷಗಳಲ್ಲಿದೆ. ಥೈರಾಯ್ಡ್, ಕರುಳು, ಯಕೃತ್ತು, ಶ್ವಾಸಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ಶಕ್ತಿ ತಿರುಗಿಬೀಳಬಹುದು, ಕೆಲವೊಮ್ಮೆ ಪ್ರಾಣಾಪಾಯದ ಮಟ್ಟಕ್ಕೂ. ಭೇದಿ, ಉಬ್ಬಸ ಶುರುವಾದರೆ ಊರಿನಲ್ಲೇ ಮಾತ್ರೆ ನುಂಗಿ ಕಾಯುವಂತಿಲ್ಲ, ಅಂದೇ ಆಸ್ಪತ್ರೆಗೆ ಫೋನ್ ಮಾಡಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ನಿವೊಲುಮ್ಯಾಬ್ ಎಂಬ ಇದೇ ಬಗೆಯ ಔಷಧವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟು ಲಾಭ ತೋರಿಸಿದ್ದಾರೆ, 2022ರಲ್ಲಿ. ಆ ಫಲಿತಾಂಶವನ್ನು ಹಾಗೆಯೇ ಮೆಲನೋಮಕ್ಕೆ ಹಚ್ಚಲು ಬರುವುದಿಲ್ಲ. ಪೂರ್ತಿ ಡೋಸ್ ಕೈಗೆಟುಕದವರೊಂದಿಗೆ ನಾನು ಈ ದಾರಿಯನ್ನೂ ಚರ್ಚಿಸುತ್ತೇನೆ, ಆಧಾರ ತೆಳುವೆಂದು ಹೇಳಿಯೇ. ಮನೆ, ತೋಟ ಅಡವಿಟ್ಟು ಔಷಧ ಕೊಳ್ಳುವುದಾದರೆ ಅದಕ್ಕೂ ಮುಂಚೆ ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ, ಯೋಜನೆಗಳಲ್ಲಿ ಏನು ಸಿಗುತ್ತದೆ ಎಂದು ಕೇಳಿ.

ಕಿಟ್‌ಗೆ ನೇರ ಔಷಧ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಇಮಾಟಿನಿಬ್ ಮಾತ್ರೆ. ರಕ್ತಕ್ಯಾನ್ಸರ್‌ನ ಒಂದು ಬಗೆಗೆ ಬಳಸುವ ಇದರ ಪೇಟೆಂಟ್ ಬೇಡಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿತು. ಹಾಗಾಗಿ ಭಾರತದಲ್ಲಿ ಇದು ಅಗ್ಗವಾಗಿ ಸಿಗುತ್ತದೆ. ಕಿಟ್ ದೋಷವಿದ್ದು ದೂರದ ಅಂಗಗಳಿಗೆ ಹರಡಿದ ಮೆಲನೋಮದಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಗಡ್ಡೆ ಕರಗುತ್ತದೆ. ಎಕ್ಸಾನ್ 11ರ ದೋಷ ಒಳ್ಳೆಯ ಫಲ ಕೊಡುವ ಬಗೆಗಳಲ್ಲೊಂದು. ಆದರೆ ಹೆಚ್ಚಿನವರಲ್ಲಿ ಫಲ ಕೆಲವು ತಿಂಗಳಷ್ಟೇ. ಶಸ್ತ್ರಚಿಕಿತ್ಸೆ ಸಾಧ್ಯವಿರುವಾಗ ಇದನ್ನು ಅದರ ಬದಲಿಗೆ ಕೊಡುವುದು ತಪ್ಪು. ಈ ವರದಿಯನ್ನು ಜೋಪಾನವಾಗಿಡಿ. ಮುಂದೆ ಕಾಯಿಲೆ ಮರಳಿದರೆ ಒಂದು ಬಾಗಿಲು ತೆರೆದಿದೆ. ಬಿಆರ್‌ಎಎಫ್ ದೋಷ ಇಲ್ಲವಾದ್ದರಿಂದ ಅದರ ಮಾತ್ರೆಗಳು ನಿಮ್ಮ ತಂದೆಗೆ ಸಲ್ಲವು. ಯಾರಾದರೂ ಬರೆದುಕೊಟ್ಟರೆ ಯಾಕೆಂದು ಕೇಳಿ.

ನಿಮ್ಮ ವಿಷಯ. ನಿಮಗೆ, ಮಕ್ಕಳಿಗೆ, ತಂದೆಯ ಒಡಹುಟ್ಟಿದವರಿಗೆ ವಂಶವಾಹಿ ಪರೀಕ್ಷೆ ಬೇಡ. ತಿಂಗಳಿಗೊಮ್ಮೆ ಅಂಗಾಲು, ಬೆರಳುಸಂದಿ, ಉಗುರು ನೋಡಿಕೊಳ್ಳಿ. ದೊಡ್ಡವರಲ್ಲಿ ಹೊಸದಾಗಿ ಮೂಡಿ ಹರಡುತ್ತಿರುವ ಕಲೆ, ಒಂದೇ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ, ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹಬ್ಬುವುದು, ತಿಂಗಳಾದರೂ ಮಾಯದ ‘ಆಣಿ’, ಇವನ್ನು ಕಂಡರೆ ಚರ್ಮವೈದ್ಯರ ಬಳಿ ಹೋಗಿ. ಅವರ ಬಳಿ ಡರ್ಮೋಸ್ಕೋಪ್ ಎಂಬ ಕೈಗನ್ನಡಿಯಂಥ ಸಾಧನವಿರುತ್ತದೆ. ಅಂಗಾಲಿನ ರೇಖೆಗಳ ತಗ್ಗಿನಲ್ಲಿ ಬಣ್ಣ ಕೂತಿದ್ದರೆ ಸಾಮಾನ್ಯವಾಗಿ ಭಯವಿಲ್ಲ, ದಿಬ್ಬಗಳ ಮೇಲೆ ಕೂತಿದ್ದರೆ ಅನುಮಾನಿಸಬೇಕು. ಎರಡು ನಿಮಿಷದ ಕೆಲಸ. ಅದಾಗುವವರೆಗೆ ಸುಣ್ಣ, ಆಸಿಡ್, ಗೇರೆಣ್ಣೆ ಹಚ್ಚಿ ಸುಡಬೇಡಿ, ಬ್ಲೇಡಿನಿಂದ ಕೆರೆಯಬೇಡಿ.

ಅಪ್ಪನಿಗೆ ಹೇಳಿ. ಎರಡು ಕಡೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಔಷಧ ಹಾಕಿಸಿಕೊಳ್ಳಬೇಕಾದವರಿಗೆ ಯಾಕೆಂದು ಗೊತ್ತಿಲ್ಲದಿರುವುದು ಸರಿಯಲ್ಲ. ನನ್ನ ಅನುಭವದಲ್ಲಿ ರೋಗಿಗೆ ಬಹುತೇಕ ಮೊದಲೇ ಅಂದಾಜು ಇರುತ್ತದೆ. ಮನೆಯವರು ಬಾಗಿಲ ಹಿಂದೆ ಪಿಸುಗುಟ್ಟುವುದು ಅವರನ್ನು ಒಂಟಿ ಮಾಡುತ್ತದೆ. ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ಕಾಯಿಲೆಯ ಹೆಸರು, ಅದು ಎಲ್ಲಿಯವರೆಗೆ ಬಂದಿದೆ, ಏನು ಮಾಡಲಿದ್ದೇವೆ, ಇಷ್ಟು ಸಾಕು. ಉಳಿದದ್ದನ್ನು ಅವರು ಕೇಳಿದಾಗ ಹೇಳಿ.

ಕೊನೆ ಕೊಯ್ಲಿನ ಪ್ರಶ್ನೆಗೂ ಆಗ ನೇರವಾಗಿ ಉತ್ತರಿಸಬಹುದು. ಹಿಮ್ಮಡಿಗೆ ಚರ್ಮ ಹೊರಳಿಸಿ ಕೂರಿಸಿದ ಮೇಲೆ ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಆಮೇಲೆ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯಲ್ಲಿ ಸಮತಟ್ಟಾದ ಅಂಗಳದಲ್ಲಿ ನಡೆಯಬಹುದು. ಔಷಧ ಮೊದಲು, ಶಸ್ತ್ರಚಿಕಿತ್ಸೆ ಆಮೇಲೆ ಎಂದು ತೀರ್ಮಾನವಾದರೆ ಕೊಯ್ಲಿನ ಹೊತ್ತಿಗೆ ಅವರು ಮಂಚದ ಮೇಲೆ ಇರುತ್ತಾರೆ. ಈ ಸಲದ ಕೊನೆಗಾರರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಸುಲಿಯುವ, ಬೇಯಿಸುವ ಮೇಲ್ವಿಚಾರಣೆಯನ್ನು ಜಗಲಿಯಲ್ಲಿ ಕಾಲು ಎತ್ತರಕ್ಕಿಟ್ಟು ಕೂತು ಅವರೇ ಮಾಡಲಿ. ತೋಟದ ಇಳಿಜಾರಿಗೆ ಇಳಿಯುವುದು ಮಾತ್ರ ಮುಂದಿನ ವರ್ಷಕ್ಕೆ.